ಪಂಢರಿಯ ಜಾಮೀನು

ತಡೆಗೋಲಿನ ಕೆಳಗೆ ನುಸುಳುತ್ತಿದ್ದ ಮುದುಕಿಯನ್ನು ಕಾನ್ಸ್‌ಟೇಬಲ್ ಡೇನಿಯಲ ಓಡಿಹೋಗಿ ತಡೆದ.

"ಎಲ್ಲಿಗಿ ಹೊಂಟೀರಿ ಆಯಿ? ಲಾಕ್‌ಡೌನ್ ಅದ, ಗೊತ್ತಿಲ್ಲೇನ್ರಿ?"

"ಭಾಲ್ಕಿ ಕೋರ್ಟಿಗಿ ರೀ. ಪಂಢರಿಗಿ ಜಾಮೀನು ನಿಲ್ಲಬೇಕು. ಇವತ್ತು ಹೋಗ್ಲಿಲ್ಲಂದ್ರ ಅವ ಜೇಲಿನಾಗೇ ಉಳಿತಾನ."

ಮೆಹಕರದ ಕೌಸಲ್ಯಾಬಾಯಿ. ಸೆರಗನ್ನೇ ಮಾಸ್ಕಿನಂತೆ ಮೂಗಿಗೆ ಸುತ್ತಿಕೊಂಡಿದ್ದಳು. ಕಂಕುಳಲ್ಲಿ ಹೊಲದ ಪಹಣಿ ಇದ್ದ ಚೀಲ. ಬಿಸಿಲಲ್ಲಿ ನಡೆದು ನಡೆದು ಹಿಮ್ಮಡಿ ಒಡೆದಿತ್ತು.

ಸೋಂಕು ಹರಡದಿರಲೆಂದು ಸಣ್ಣಪುಟ್ಟ ಪ್ರಕರಣಗಳ ಕೈದಿಗಳನ್ನು ಬೀದರ ಜೈಲಿನಿಂದ ಮಧ್ಯಂತರ ಜಾಮೀನಿನ ಮೇಲೆ ಬಿಡುತ್ತಿದ್ದುದು ಡೇನಿಯಲನಿಗೂ ಗೊತ್ತಿತ್ತು. ಆದರೆ ಜಾಮೀನುದಾರರು ಖುದ್ದಾಗಿ ಕೋರ್ಟಿಗೆ ಬರಬೇಕು. ಬಸ್ಸಿಲ್ಲ, ಟಂಟಂ ಇಲ್ಲ. ಎಷ್ಟೋ ಮಂದಿಗೆ ಆದೇಶ ಆಗಿಯೂ ಹೊರಗೆ ಬರುವ ದಾರಿ ಇರಲಿಲ್ಲ.

"ಒಳಗ ಹಾಕಿಸಿದ್ದು ಯಾರು ಆಯಿ?"

"ನಮ್ಮ ಮನಿಯವರೇ ರೀ. ಈಗ ಬುದ್ಧಿ ಬಂದದ."

ಹೆತ್ತ ತಂದೆಯೇ! ಡೇನಿಯಲನಿಗೆ ತನ್ನ ತಾಯಿ ರೂತಳ ನೆನಪಾಯಿತು. ಅವಳು ಬೀದರಿನಲ್ಲಿ ನರ್ಸು. ಲಾಕ್‌ಡೌನ್ ಶುರುವಾದಾಗಿನಿಂದ ಅಲ್ಲಿನ ಚಿದ್ರಿ ಬಡಾವಣೆಯ ಮನೆಗೆ ಹೋಗಿ ಅವಳ ಮುಖ ನೋಡಲು ಅವನಿಗೆ ಆಗಿರಲಿಲ್ಲ. ಹೆಡ್ ಕಾನ್ಸ್‌ಟೇಬಲ್ ಗೌಸೋದ್ದೀನರ ಬಳಿ ಹೋಗಿ, ಮುದುಕಿಯನ್ನು ಕೋರ್ಟಿಗೆ ಬಿಟ್ಟುಬರುತ್ತೇನೆಂದು ಕೈಮುಗಿದ.

"ಪಾಸ್ ಇಲ್ಲ, ಏನಿಲ್ಲ. ಸಾಹೇಬ್ರು ನೋಡಿದ್ರ ಇಬ್ಬರ ನೌಕ್ರಿನೂ ಹೋಗ್ತದ," ಎಂದರು ಗೌಸೋದ್ದೀನ. ಮುದುಕಿಯ ಕಾಲು ನೋಡಿದರು. "ಜಲ್ದಿ ಹೋಗಿ ಬಾ. ನಾ ಏನೂ ನೋಡಿಲ್ಲ."

ಬೈಕಿನ ಹಿಂದೆ ಕುಳಿತ ಕೌಸಲ್ಯಾಬಾಯಿ ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ.

"ಪುಣೆದಾಗ ಕೆಲಸ ಬಂದ್ ಆಗಿ ಮೊಮ್ಮಕ್ಕಳು ಊರಿಗಿ ಬಂದಾವ. ಪಂಢರಿ ಬಂದ್ರನೇ ಅವಕ್ಕ ಹೊಟ್ಟಿಗಿ. ಆಕಿ ನೋಡಿದ್ರ ಯಾರಿಗೂ ಹತ್ರ ಬರಗೊಡವಲ್ಲಳು. ಮುಂಜಾನಿ ಎದ್ರ ಅವನ ದಾರಿನೇ ನೋಡ್ತಾಳ."

'ಪಾಪ, ಪಂಢರಿಯ ಹೆಂಡತಿ,' ಅಂದುಕೊಂಡ ಡೇನಿಯಲ. ಬೈಕಿನ ವೇಗ ಹೆಚ್ಚಿಸಿದ.

ಕೋರ್ಟಿನ ಬಾಗಿಲು ಮುಚ್ಚುವ ಹೊತ್ತಿಗೆ ತಲುಪಿದರು. ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟರು. ಗೋಡೆಯ ಪರದೆಯ ಮೇಲೆ, ಜೈಲಿನಿಂದ, ಪಂಢರಿ ಕಾಣಿಸಿದ. ಕೌಸಲ್ಯಾಬಾಯಿಯನ್ನು ಕಂಡವನೇ ಬೆಚ್ಚಿ ತಲೆ ತಗ್ಗಿಸಿದ.

"ಎಷ್ಟು ಸೊರಗ್ಯಾನ! ಕೈಯಾಗ ತಾಕತ್ತರ ಉಳದದೋ ಇಲ್ಲೋ," ಎಂದು ಅವಳು ಹಲುಬಿದಳು. ಬಾಗಿಲ ಬಳಿ ನಿಂತಿದ್ದ ಡೇನಿಯಲ ಕಣ್ಣೊರೆಸಿಕೊಂಡ. ಇವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕು.

ನ್ಯಾಯಾಧೀಶರು ಪಹಣಿ ನೋಡಿದರು. ಎಲ್ಲ ಸರಿಯಿತ್ತು.

"ಇವನು ಓಡಿಹೋದರೆ ಹೊಣೆ ನಿಮ್ಮದು, ಗೊತ್ತೇನಮ್ಮ?"

"ಓಡಿ ಹೋಗ್ಲಿಕ್ಕ ಬಿಟ್ಟರಲ್ಲರಿ! ದಿನಾ ಎರಡೂ ಹೊತ್ತು ನನ್ನ ಕಣ್ಣಮುಂದ ಕೂಡಿಸ್ಕೋತೀನಿ."

ನ್ಯಾಯಾಧೀಶರು ಮಾಸ್ಕಿನೊಳಗೇ ನಕ್ಕರು. ಪೆನ್ನು ಎತ್ತಿಕೊಂಡು ಕೊನೆಯದಾಗಿ ಕೇಳಿದರು: "ಮಗ ಅಲ್ಲವೇ?"

"ಅಲ್ರಿ ಸಾಹೇಬ್ರ, ಬರಗಾಲದಾಗ ನಮ್ಮ ಎಮ್ಮಿ ಕದ್ದು ಔರಾದ ಕಡಿ ಒಯ್ದು ಸಾಕಿದ ಕಳ್ಳ ಇವನೇ, ಎಮ್ಮಿ ತಿರುಗಿ ಸಿಕ್ಕದ, ಆದ್ರ ಇವನ ಕೈಗಲ್ದ ಯಾರ ಕೈಗೂ ಹಾಲು ಕೊಡವಲ್ದು."