ಅಂಗೈ ಬಿಸಿ

"ಚೇತನಾ, ಅಂಗೈಲಿ ಇಟ್ಕೋಬೇಡಮ್ಮ. ಬಿಸಿ ತಾಕಿದ್ರೆ ಕೆಟ್ಟೋಗತ್ತೆ" ಎಂದರು ಮ್ಯಾನೇಜರ್ ಉದಯಕುಮಾರ್. ಸುಂಕದಕಟ್ಟೆಯ ಆ ಗೋದಾಮಿನಿಂದ ಊರಿನ ಲ್ಯಾಬುಗಳಿಗೆಲ್ಲ ಕಿಣ್ವಗಳು ಹೋಗುತ್ತಿದ್ದವು. ಐಸಿನಿಂದ ತೆಗೆದ ಸೀಸೆಯನ್ನು ಮುಚ್ಚಳ ಹಿಡಿದೇ ಎತ್ತಬೇಕೆಂದು ಹೊಸಬರಿಗೆ ಕಲಿಸಿದವಳೇ ಚೇತನಾ. ಬಾಣಂತನದ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದ ಅವಳು ಈಗ ಒಂದು ಸೀಸೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು.

ಸೀಸೆಯಲ್ಲಿದ್ದದ್ದು ಹಾಲಿನ ಸಕ್ಕರೆ ಮೈಯೊಳಗೆ ವಿಷವಾಗದಂತೆ ನೋಡಿಕೊಳ್ಳುವ ಕಿಣ್ವ. ಆರು ವರ್ಷದಿಂದ 'ಸಂಶೋಧನೆಗೆ ಮಾತ್ರ' ಎಂಬ ಲೇಬಲ್ ಅಂಟಿಸಿ ಅವಳೇ ಅದನ್ನು ಪ್ಯಾಕ್ ಮಾಡುತ್ತಿದ್ದಳು. ಅವಳ ಮಗು ಮೈಯಲ್ಲಿ ಆ ಕಿಣ್ವವೇ ಇಲ್ಲದೆ ಹುಟ್ಟಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮಗು ಬಾಡಿದಷ್ಟೂ ಅತ್ತೆ ಅಂಜನಮ್ಮ, "ಎದೆಗೆ ಹಾಕ್ಕೊಳೇ, ಹಾಲು ಒಳಗೆ ಹೋದ್ರೆ ಸರಿಹೋಗತ್ತೆ" ಎನ್ನುತ್ತಿದ್ದರು. ಅವಳು ಕುಡಿಸುತ್ತಲೇ ಇದ್ದಳು. ಆಸ್ಪತ್ರೆಯ ವರದಿ ಬರುವಷ್ಟರಲ್ಲಿ ತೊಟ್ಟಿಲು ಖಾಲಿಯಾಗಿತ್ತು.

ಚೇತನಾ ಮುಷ್ಟಿ ಬಿಚ್ಚಿದಳು. ಸೀಸೆಯ ಮೇಲಿನ ಕಿಣ್ವದ ಹೆಸರು ಓದಿದ ಉದಯಕುಮಾರ್‌ಗೆ ಅದೇ ಹೆಸರಿದ್ದ ಆ ಇಂಗ್ಲಿಷ್ ವರದಿಯ ನೆನಪಾಯಿತು. ಅವಳಿಗೆ ಅದನ್ನು ಓದಿ ಹೇಳಿದ್ದವರು ಅವರೇ.

"ಇದು ಕೆಟ್ಟೋಯ್ತು ಸಾರ್, ಬೇರೆಯವರ ಕೈಲಿ ಇನ್ನೊಂದು ತೆಗೆಸಿ" ಎಂದಳು ಅವಳು. "ನಾನು ಬೆಚ್ಚಗೆ ಹಿಡ್ಕೊಂಡಿದ್ದು ಯಾವ್ದೂ ಉಳಿಯಲ್ಲ."