ಗಂಗೆಯ ಹಠ

ಗುಲಾಬಿ ಎಂಬಾಕೆ ಮರಿಯಿಂದಲೂ ಸಾಕಿದ, ಹಕ್ಕಿಯಂತೆ ಜೀವವಿರುವ ಹಾರುದೋಣಿ ಗಂಗೆ, ಯುದ್ಧದಲ್ಲಿ ವಿಮಾನ ಪತನವಾಗಿ ಕಡಲಿಗೆ ಬಿದ್ದಿದ್ದ ಮೂವರು ಸೈನಿಕರನ್ನೂ ಬೆನ್ನಿಗೇರಿಸಿಕೊಂಡ ಮೇಲೆ ಏಳಲೊಲ್ಲದೆ ಕೂತುಬಿಟ್ಟಿತು. "ಹಸಿವಾ ಮಗಾ?" ಎಂದು ಗುಲಾಬಿ ಅದರ ಕೊಕ್ಕಿನ ಮುಂದೆ ಒಂದು ಬುಟ್ಟಿ ಬೂತಾಯಿ ಮೀನು ಹಿಡಿದಳು. ಗಂಗೆ ಮೂಸಿಯೂ ನೋಡಲಿಲ್ಲ.

"ಬೇಗ ಹಾರಿಸಮ್ಮಾ, ಶತ್ರು ವಿಮಾನಗಳು ಬರ್ತಿವೆ!" ಎಂದ ಆ ಮೂವರಲ್ಲೊಬ್ಬನಾದ ಕ್ಯಾಪ್ಟನ್.

"ನೀರಲ್ಲಿ ಇನ್ನೂ ಯಾರೋ ಉಂಟು ಮಾರಾಯ್ರೆ. ಒಬ್ಬನನ್ನು ಬಿಟ್ಟರೂ ಇದು ಏಳುದಿಲ್ಲ."

ಗಂಗೆ ತಾನಾಗಿಯೇ ತಿರುಗಿ ಈಜಿತು. ಅಲೆಗಳ ನಡುವೆ, ತನ್ನ ವಿಮಾನವೂ ಬಿದ್ದು ನೀರುಪಾಲಾಗಿದ್ದ ಶತ್ರು ಪೈಲಟ್ ಒಬ್ಬ ಕೈ ಬೀಸುತ್ತಿದ್ದ.

"ನಮ್ಮನ್ನ ಬೀಳಿಸಿದ್ದೇ ಅವನು! ಅವನು ಬೇಡ!" ಎಂದು ಕ್ಯಾಪ್ಟನ್ ಕೂಗಿದ.

"ನನ್ನತ್ರ ಹೇಳಿ ಎಂತ ಪ್ರಯೋಜನ? ಗಂಗೆಗೆ ಹೇಳಿ."

ಕ್ಯಾಪ್ಟನ್ ಗಂಗೆಯ ಕಣ್ಣು ನೋಡಿದ, ಆಕಾಶ ನೋಡಿದ. ಆಮೇಲೆ ಹಲ್ಲು ಕಡಿಯುತ್ತ ತಾನೇ ಬಗ್ಗಿ ಕೈ ಚಾಚಿದ.

"ಹತ್ತೋ ಮಾರಾಯಾ, ಬೇಗ! ನಾವು ಮನೆಗೆ ಹೋಗ್ಬೇಕು."