ಮಾದರಿ ತುಂಡು

ವಿಮಾನ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಸುತ್ತಿಗೆ ಎತ್ತಿದಾಗ ಗಂಡಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದರು. ಅವರಿಬ್ಬರೇ ಕಟ್ಟಿದ ಮರದ ವಿಮಾನದ ರೆಕ್ಕೆಗೆ ಹಚ್ಚಿದ ಅದೇ ಅಂಟಿನಿಂದ ಕೂಡಿಸಿಟ್ಟಿದ್ದ ಮಾದರಿ ತುಂಡು ಒಂದೇ ಏಟಿಗೆ ಒಡೆಯಿತು. ಸೀಳಿದ್ದು ಮರ, ಅಂಟು ಬಿಟ್ಟಿರಲಿಲ್ಲ.

“ಭೇಷ್! ರೆಕ್ಕೆನೂ ಹೀಗೇ ಹಿಡಿದಿರುತ್ತೆ. ಇನ್ನು ಹಾರಿಸಬಹುದು,” ಎಂದು ಅವರು ಸಹಿ ಹಾಕಲು ಪೆನ್ನು ತೆಗೆದರು. ಗಂಡನ ಮುಖ ಮೊರದಗಲವಾಯಿತು. ಹೆಂಡತಿ ಮಾತ್ರ ಕೈ ಅಡ್ಡ ಹಿಡಿದಳು.

“ಸ್ವಲ್ಪ ತಡೀರಿ ಸಾರ್. ಆ ತುಂಡನ್ನ ನಾನು ಅಡುಗೆಮನೆಗೆ ಒಯ್ದು ಒಲೆ ಪಕ್ಕ ಒಣಗಿಸಿದ್ದೆ. ರೆಕ್ಕೆ ಈ ಶೆಡ್ಡಿನ ಚಳಿಯಲ್ಲೇ ಒಣಗಿದ್ದು. ಚಳಿಯಲ್ಲಿ ಈ ಅಂಟು ಸರಿಯಾಗಿ ಹಿಡಿಯಲ್ಲ ಅಲ್ವಾ?”

ಪೆನ್ನು ಜೇಬಿಗೆ ಮರಳಿತು. ಗಂಡ ಅವಳನ್ನು ನುಂಗುವ ಹಾಗೆ ನೋಡಿದ. ಆಮೇಲೆ ನುಣುಪಾದ ರೆಕ್ಕೆಯ ಮೇಲೆ ಉದ್ದಕ್ಕೂ ಒಮ್ಮೆ ಕೈಯಾಡಿಸಿದ.

“ಗರಗಸ ಎಲ್ಲಿಟ್ಟೆ?” ಎಂದ.